ಅಮ್ಮನ ಜೊತೆ ನೇಪಾಳದ ಪಾಟನ್‌ಗೆ ಹೋಗಿ ನೆಲೆಸುವ ಯೋಚನೆ ಇದೆ. ಅಲ್ಲಿ ಇದ್ದು ಬಂದವರು ಹೇಳಿ

ಕಬ್ಬನ್‌ಪೇಟೆ ಮಗ್ಗ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನನಗೆ 46. ಹುಟ್ಟಿ ಬೆಳೆದದ್ದು ಬೆಂಗಳೂರಿನ ಕಬ್ಬನ್‌ಪೇಟೆಯಲ್ಲಿ. ಅಪ್ಪ ಇರುವ ತನಕ ಮನೆಯ ಕೆಳಗೆ ನಾಲ್ಕು ಪವರ್‌ಲೂಮ್ ಇದ್ದವು, ರೇಷ್ಮೆ ಸೀರೆ ನೇಯುತ್ತಿದ್ದರು. ಅವರು ಹೋದ ಮೇಲೆ ಮಗ್ಗ ಮಾರಿದೆವು. ಈಗ ಮನೆಯಲ್ಲಿ ನಾನು, ಅಮ್ಮ ಇಬ್ಬರೇ. ಅಮ್ಮನಿಗೆ 73. ನಾನು ಪೇಟೆಯ ಹದಿನೈದಿಪ್ಪತ್ತು ಅಂಗಡಿಗಳ ಲೆಕ್ಕ ಬರೆಯುತ್ತೇನೆ, ಜಿಎಸ್‌ಟಿ ಫೈಲ್ ಮಾಡುತ್ತೇನೆ. ಲ್ಯಾಪ್‌ಟಾಪ್ ಇದ್ದರೆ ಎಲ್ಲಿ ಕೂತರೂ ಕೆಲಸ ನಡೆಯುತ್ತೆ.

2019ರ ಜೂನ್‌ನಲ್ಲಿ ಅಮ್ಮನಿಗೆ ಪಶುಪತಿನಾಥ ತೋರಿಸಲು ಕಠ್ಮಂಡುವಿಗೆ ಹೋಗಿದ್ದೆವು. ದರ್ಶನ ಮುಗಿಯಿತು. ಮರುದಿನ ಟ್ಯಾಕ್ಸಿ ಮೈತಿಘರ್ ಎನ್ನುವ ವೃತ್ತದ ಹತ್ತಿರ ನಿಂತುಬಿಟ್ಟಿತು. ರಸ್ತೆ ತುಂಬ ಜನ. ಸಾವಿರಾರು ಜನ. ಡೋಲು, ತಾಳ. ಮೊದಲು ಜಾತ್ರೆ ಅಂದುಕೊಂಡೆ. ಆಮೇಲೆ ಡ್ರೈವರ್ ಹೇಳಿದ, ಇದು ಪ್ರತಿಭಟನೆ, ಸರ್ಕಾರ ಗುಠಿ ಮಸೂದೆ ತಂದಿದೆ, ಅದಕ್ಕೆ ವಿರೋಧ ಅಂತ.

ಗುಠಿ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ: ಕಠ್ಮಂಡು ಕಣಿವೆಯ ನೇವಾರ ಸಮುದಾಯದಲ್ಲಿ ದೇವಸ್ಥಾನ, ಜಾತ್ರೆ, ಬಾವಿ, ಸತ್ತವರ ಸಂಸ್ಕಾರ, ಎಲ್ಲಕ್ಕೂ ಒಂದೊಂದು ಗುಂಪು ಇರುತ್ತೆ. ಆ ಗುಂಪಿಗೆ ಹಿಂದಿನವರು ಬಿಟ್ಟ ಜಮೀನು. ಜಮೀನಿನ ಆದಾಯದಲ್ಲಿ ಆ ಕೆಲಸ ನಡೆಯಬೇಕು. ಈ ವರ್ಷ ಇವರ ಮನೆ ಸರದಿ, ಮುಂದಿನ ವರ್ಷ ಅವರದು. ಇದನ್ನೆಲ್ಲ ಸರ್ಕಾರದ ಒಂದು ಪ್ರಾಧಿಕಾರದ ಕೈಗೆ ಕೊಡುವ ಮಸೂದೆ ಅದು. ಜನ ಒಪ್ಪಲಿಲ್ಲ. ಕೆಲವೇ ದಿನದಲ್ಲಿ ಮಸೂದೆ ವಾಪಸ್ ಆಯಿತು.

ಆ ದಿನ ನನ್ನ ಮನಸ್ಸಲ್ಲಿ ನಿಂತದ್ದು ಒಬ್ಬ ಅಜ್ಜಿ. ಕಪ್ಪು ಸೀರೆ, ಕೆಂಪು ಅಂಚು. ಅದಕ್ಕೆ ಹಾಕು ಪಟಾಸಿ ಅನ್ನುತ್ತಾರೆ ಅಂತ ಆಮೇಲೆ ತಿಳಿಯಿತು. ನೇಕಾರರ ಮನೆಯವಳು ನಾನು, ನನ್ನ ಕಣ್ಣು ಮೊದಲು ಅಂಚಿಗೇ ಹೋಯಿತು. ಕೈಮಗ್ಗದ ದಪ್ಪ ಹತ್ತಿ. ಅಂಚು ಒಂದು ಕಡೆ ಸವೆದು ನೂಲು ಎದ್ದಿತ್ತು, ಅದನ್ನು ಯಾರೋ ಬಿಳಿ ದಾರದಲ್ಲಿ ಹೊಲಿದಿದ್ದರು. ಬಿಸಿಲಲ್ಲಿ ನಿಂತು ಆಕೆ ಕೂಗುತ್ತಿದ್ದರು. ಅಮ್ಮ ಕಾರಿನ ಕಿಟಕಿ ಇಳಿಸಿ ನೀರಿನ ಬಾಟಲ್ ಕೊಟ್ಟಳು. ಅವರು ಅರ್ಧ ಕುಡಿದು ವಾಪಸ್ ಕೊಟ್ಟು, ಅಮ್ಮನ ಕೈ ಹಿಡಿದು ಏನೋ ಹೇಳಿದರು. ನಮಗೆ ಒಂದು ಪದವೂ ಅರ್ಥ ಆಗಲಿಲ್ಲ. ಅಮ್ಮ ಮಾತ್ರ ರಾತ್ರಿ ಹೋಟೆಲ್‌ನಲ್ಲಿ, "ಪಾಪ, ಅವರ ದೇವರನ್ನ ಅವರೇ ನೋಡ್ಕೋತೀವಿ ಅಂತಿದಾರೆ, ಅದರಲ್ಲಿ ತಪ್ಪೇನಿದೆ" ಅಂದಳು.

2024ರಲ್ಲಿ ಮತ್ತೆ ಹೋದೆ. ಕಠ್ಮಂಡುವಿನ ಪಕ್ಕದಲ್ಲೇ ಇರುವ ಪಾಟನ್‌ನಲ್ಲಿ ಎರಡು ತಿಂಗಳು, ಮೇ ಕೊನೆಯಿಂದ ಜುಲೈ ತನಕ. ಒಂದು ಕೋಣೆ, ಅಡುಗೆ ಮಾಡುವ ಜಾಗ, ತಿಂಗಳಿಗೆ 18 ಸಾವಿರ ನೇಪಾಳಿ ರೂಪಾಯಿ, ನಮ್ಮ ದುಡ್ಡಲ್ಲಿ 11,250. ಜೂನ್‌ನಲ್ಲಿ ಸಿಥಿ ನಖ ಅಂತ ಹಬ್ಬ ಬಂತು. ಮಳೆಗಾಲಕ್ಕೆ ಮುಂಚೆ ಬಾವಿ, ಕಲ್ಲಿನ ನೀರಿನ ದೋಣಿ ಎಲ್ಲ ಕ್ಲೀನ್ ಮಾಡುವ ದಿನ. ಬಾವಿಯಲ್ಲಿರುವ ನಾಗಗಳು ಅವತ್ತು ತಮ್ಮ ಕುಲದೇವರ ಪೂಜೆಗೆ ಹೋಗಿರುತ್ತವಂತೆ, ಅದಕ್ಕೆ ಅವತ್ತೇ ಇಳಿಯಬೇಕಂತೆ. ನಮ್ಮ ಅಂಗಳದ ಬಾವಿಗೆ ಇಬ್ಬರು ಹುಡುಗರು ಹಗ್ಗ ಕಟ್ಟಿಕೊಂಡು ಇಳಿದರು. ಬಕೆಟ್ಟಿನಲ್ಲಿ ಕರಿ ಕೆಸರು ಮೇಲೆ ಬರುತ್ತಿತ್ತು. ನಾನೂ ಸಾಲಿನಲ್ಲಿ ನಿಂತು ಬಕೆಟ್ ದಾಟಿಸಿದೆ. ಕೆಸರಲ್ಲಿ ಒಂದು ಹಿತ್ತಾಳೆ ಲೋಟ ಸಿಕ್ಕಿತು. ಪಕ್ಕದ ಮನೆಯವರು ಅದನ್ನು ತೊಳೆದು, ತಿರುಗಿಸಿ ನೋಡಿ, ನಮ್ಮ ಅತ್ತೆಯದು ಅಂದರು. ಕೆಲಸ ಮುಗಿದ ಮೇಲೆ ಎಲ್ಲರಿಗೂ ವೊ ಕೊಟ್ಟರು. ಉದ್ದು ರುಬ್ಬಿ ಕಾವಲಿ ಮೇಲೆ ದಪ್ಪಕ್ಕೆ ತಟ್ಟುವುದು. ನಮ್ಮ ವಡೆಗೂ ದೋಸೆಗೂ ನಡುವಿನದು.

ಅದೇ ದಿನಗಳಲ್ಲಿ ಮಚ್ಛಿಂದ್ರನಾಥನ ತೇರು. ಮಳೆ ತರುವ ದೇವರು. ಆ ತೇರನ್ನು ಒಂದು ಹಂತದಲ್ಲಿ ಹೆಂಗಸರೇ ಎಳೆಯುತ್ತಾರೆ. ಕೊನೆಗೆ ಜಾವಲಾಖೇಲ್ ಮೈದಾನದಲ್ಲಿ ರತ್ನ ಕಟ್ಟಿದ ಕುಪ್ಪಸವನ್ನು ಜನರಿಗೆ ತೋರಿಸುತ್ತಾರೆ. ಹಿಂದೆ ಅದನ್ನು ನೋಡಲು ರಾಜ ಬರುತ್ತಿದ್ದ. 2008ರಲ್ಲಿ ರಾಜಪ್ರಭುತ್ವ ಹೋಯಿತು, ಈಗ ರಾಷ್ಟ್ರಪತಿ ಬರುತ್ತಾರೆ. ರಾಜನನ್ನು ಬಿಟ್ಟರು, ಜಾತ್ರೆ ಬಿಡಲಿಲ್ಲ. ನನಗೆ ಇದು ತುಂಬಾ ದೊಡ್ಡದು ಅನ್ನಿಸಿತು.

ಇನ್ನೊಂದು ವಿಷಯ ಹೇಳಲೇಬೇಕು. ಮನೆ ಮುಂದೆ ಚರಂಡಿ ಕಟ್ಟಿಕೊಂಡಿತ್ತು. ಮನೆ ಯಜಮಾನಿ ದೀದಿ ವಾರ್ಡ್ ಕಚೇರಿಗೆ ನಡೆದುಕೊಂಡು ಹೋದರು, ನಾನೂ ಹೋದೆ. ಐದು ನಿಮಿಷದ ದಾರಿ. ಅಲ್ಲಿ ಒಂದು ವಾರ್ಡಿಗೆ ಒಬ್ಬ ಅಧ್ಯಕ್ಷ, ನಾಲ್ಕು ಸದಸ್ಯರು, ಎಲ್ಲರೂ ಚುನಾವಣೆಯಲ್ಲಿ ಗೆದ್ದವರು. ನಾಲ್ವರಲ್ಲಿ ಇಬ್ಬರು ಹೆಂಗಸರೇ ಇರಬೇಕು, ಅವರಲ್ಲಿ ಒಬ್ಬರು ದಲಿತ ಮಹಿಳೆ. ಮರುದಿನ ಬೆಳಿಗ್ಗೆ ಒಬ್ಬ ಸದಸ್ಯೆ ತರಕಾರಿ ಚೀಲ ಹಿಡಿದುಕೊಂಡೇ ಬಂದು ಚರಂಡಿ ನೋಡಿದರು. ಮೂರನೇ ದಿನ ಸರಿಯಾಯಿತು.

ಇಲ್ಲಿ ನಮ್ಮ ಬೀದಿಯ ಒಳಚರಂಡಿಗೆ ನಾನು ಎರಡು ವರ್ಷದಲ್ಲಿ ಹನ್ನೊಂದು ಅರ್ಜಿ ಕೊಟ್ಟಿದ್ದೇನೆ. ಎಲ್ಲದರ ಕಾಪಿ ಇದೆ. ಯಾರನ್ನು ಕೇಳಲಿ? ಬೆಂಗಳೂರಿನ ಪಾಲಿಕೆಗೆ ಚುನಾವಣೆ ಆಗಿದ್ದು 2015ರಲ್ಲಿ. 2020ರ ಸೆಪ್ಟೆಂಬರ್‌ಗೆ ಅವಧಿ ಮುಗಿಯಿತು. ಐದು ವರ್ಷ ಕಳೆದು, ಪಾಲಿಕೆ ಒಡೆದು ಐದು ಪಾಲಿಕೆ ಆಯಿತು. ಅಷ್ಟು ದಿನವೂ ಇಷ್ಟು ದೊಡ್ಡ ಊರಿಗೆ ಒಬ್ಬ ಕಾರ್ಪೊರೇಟರ್ ಇರಲಿಲ್ಲ.

ಕೆರೆ ವಿಷಯ ಬರೆದರೆ ನನಗೆ ಅಳು ಬರುತ್ತೆ. ಕಠ್ಮಂಡುವಿನಲ್ಲಿ ರಾಣಿ ಪೋಖರಿ ಅಂತ 1670ರ ಕೊಳ ಇದೆ. 2015ರ ಭೂಕಂಪದ ನಂತರ ಅದರ ರಿಪೇರಿಗೆ ಕಾಂಕ್ರೀಟ್ ಹಾಕಲು ಹೊರಟಾಗ ಊರಿನವರು ಅಡ್ಡ ನಿಂತರು. ಕೊನೆಗೆ ಇಟ್ಟಿಗೆ ಮತ್ತು ಕಪ್ಪು ಜೇಡಿಮಣ್ಣಿನಲ್ಲೇ ಕಟ್ಟಿದರು, 2020ರಲ್ಲಿ ಮುಗಿಯಿತು. ನಮ್ಮ ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣ ಆಯಿತು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣ ಆಯಿತು. ಒಂದು ಚಿಕ್ಕ ಹೊಂಡ ಉಳಿದಿದೆ. ಕರಗದ ಪೂಜೆಗೆ ಅಲ್ಲಿಗೇ ಹೋಗುತ್ತಾರೆ, ಕೆರೆ ಇಲ್ಲದಿದ್ದರೂ.

ಕಣ್ಣು ಮುಚ್ಚಿಕೊಂಡು ಹೊರಟಿಲ್ಲ. 2025ರ ಸೆಪ್ಟೆಂಬರ್ 8, 9ರಂದು ನೇಪಾಳದಲ್ಲಿ ಆದದ್ದು ನನಗೂ ಗೊತ್ತು. ಸೋಷಿಯಲ್ ಮೀಡಿಯಾ ನಿಷೇಧ, ಭ್ರಷ್ಟಾಚಾರದ ಮೇಲಿನ ಸಿಟ್ಟು, ಬೀದಿಗೆ ಬಂದ ಹುಡುಗರ ಮೇಲೆ ಗುಂಡು, ಮೊದಲ ದಿನವೇ 19 ಸಾವು, ಮರುದಿನ ಸರ್ಕಾರದ ಕಚೇರಿಗಳಿರುವ ಸಿಂಹ ದರ್ಬಾರ್‌ಗೆ ಬೆಂಕಿ. ದೀದಿಗೆ ಫೋನ್ ಸಿಗದೆ ಎರಡು ದಿನ ನಾನು ಊಟ ಮಾಡಲಿಲ್ಲ. 12ನೇ ತಾರೀಖು ಮಾಜಿ ಮುಖ್ಯ ನ್ಯಾಯಮೂರ್ತಿ ಸುಶೀಲಾ ಕರ್ಕಿ ಮಧ್ಯಂತರ ಪ್ರಧಾನಿಯಾದರು, 2026ರ ಮಾರ್ಚ್ 5ಕ್ಕೆ ಚುನಾವಣೆ ಅಂತ ಘೋಷಣೆ ಆಯಿತು. ಅಷ್ಟು ಸತ್ತ ಮೇಲೆ ಇದನ್ನು ಒಳ್ಳೆಯದು ಅನ್ನಲು ಬಾಯಿ ಬರುವುದಿಲ್ಲ. ಆದರೆ ಅಲ್ಲಿನ ಜನ ತಮ್ಮ ದೇಶವನ್ನು ಯಾರಿಗೋ ಬಿಟ್ಟು ಕೂತಿಲ್ಲ.

ಈಗ ಕೇಳಬೇಕಾದ್ದು. ಕಾಗದಪತ್ರದ ಕಥೆ ಏನು? ಅಮ್ಮನ ವಯಸ್ಸಿಗೆ ಅಲ್ಲಿನ ಚಳಿ, ಮನೆ ಆಗುತ್ತಾ? ಎಲ್ಲಕ್ಕಿಂತ ಮುಖ್ಯ: ನಾನು ಅಲ್ಲಿ ಯಾವತ್ತಾದರೂ ಊರಿನವಳು ಆಗುತ್ತೇನಾ, ಅಥವಾ ಸುಮ್ನೆ ನೋಡಿಕೊಂಡು ನಿಲ್ಲುವವಳಾಗಿಯೇ ಉಳಿಯುತ್ತೇನಾ?

ತೀರ್ಥಹಳ್ಳಿ ಟು ರಾಜಾಜಿನಗರ ಬರೆದದ್ದು:

ಮೇಡಂ, ನಾನು ಕೆಲಸದ ಮೇಲೆ ಲಲಿತಪುರದಲ್ಲಿ, ಅಂದರೆ ನಿಮ್ಮ ಪಾಟನ್‌ನಲ್ಲೇ, ಮೂರೂವರೆ ವರ್ಷ ಇದ್ದೆ. ನಿಮ್ಮ ಬರಹ ಓದಿ ಆ ಇಟ್ಟಿಗೆ ಅಂಗಳ ಕಣ್ಣ ಮುಂದೆ ಬಂತು.

ಕಾಗದದ ವಿಷಯ ಸುಲಭ. 1950ರ ಭಾರತ-ನೇಪಾಳ ಒಪ್ಪಂದ ಇದೆ. ನಮಗೆ ವೀಸಾ ಬೇಡ, ಇಷ್ಟೇ ದಿನ ಅನ್ನುವ ಮಿತಿ ಇಲ್ಲ. ವಿಮಾನಕ್ಕೆ ಪಾಸ್‌ಪೋರ್ಟ್ ಇಟ್ಟುಕೊಳ್ಳಿ, ಇಲ್ಲವಾದರೆ ವೋಟರ್ ಐಡಿ. ಆಧಾರ್ ನಂಬಿಕೊಂಡು ಏರ್‌ಪೋರ್ಟಿಗೆ ಹೋಗಬೇಡಿ. ಒಪ್ಪಂದದ 7ನೇ ವಿಧಿಯಲ್ಲಿ ಆಸ್ತಿಯ ಮಾತೂ ಇದೆ, ಆದರೆ ವಿದೇಶಿಯರಿಗೆ ಅಲ್ಲಿ ಜಮೀನು ಕೊಳ್ಳಲು ಆಗುವುದಿಲ್ಲ, ನಮಗೂ ಅಷ್ಟೇ. ಬಾಡಿಗೆ ಮನೆಯೇ ಗತಿ. 365 ದಿನದಲ್ಲಿ 183 ದಿನ ಅಲ್ಲಿದ್ದರೆ ತೆರಿಗೆಗೆ ಅಲ್ಲಿನ ನಿವಾಸಿ ಆಗುತ್ತೀರಿ. ಲೆಕ್ಕ ನಿಮಗೆ ನಾನು ಹೇಳಿಕೊಡಬೇಕಿಲ್ಲ, ದಿನ ಮಾತ್ರ ಎಣಿಸಿ ಇಟ್ಟುಕೊಳ್ಳಿ.

ಕಷ್ಟ ಇರುವುದು ಮನೆಯಲ್ಲಿ. ಹಳೇ ನೇವಾರ ಮನೆಗಳ ಬಾಗಿಲು ತಗ್ಗು, ಮೆಟ್ಟಿಲು ಏಣಿಯ ಹಾಗೆ ನೆಟ್ಟಗೆ. ಅಡುಗೆಮನೆ ಎಲ್ಲಕ್ಕಿಂತ ಮೇಲಿನ ಮಹಡಿಯಲ್ಲಿ. 73 ವರ್ಷದ ಮಂಡಿಗೆ ಅದು ಆಗುವುದಿಲ್ಲ. ನೆಲಮಹಡಿ ಅಂದರೆ ಥಂಡಿ. ಜನವರಿ ಬೆಳಿಗ್ಗೆ 2-3 ಡಿಗ್ರಿ, ಮನೆಯೊಳಗೆ ಹೀಟರ್ ಇರುವುದಿಲ್ಲ. ನಾನು ಟೋಪಿ ಹಾಕಿಕೊಂಡೇ ಮಲಗುತ್ತಿದ್ದೆ. ಇನ್ನು ಗಾಳಿ. ಚಳಿಗಾಲದಿಂದ ಏಪ್ರಿಲ್ ತನಕ ಕಣಿವೆಯಲ್ಲಿ ಹೊಗೆ ಕೂತುಬಿಡುತ್ತೆ. ಇಟ್ಟಿಗೆ ಗೂಡು, ವಾಹನ, ಆಮೇಲೆ ಕಾಡಿನ ಬೆಂಕಿ. ಅಮ್ಮನಿಗೆ ಉಬ್ಬಸ ಏನಾದರೂ ಇದ್ದರೆ ಆ ತಿಂಗಳು ಬೇಡವೇ ಬೇಡ. ನೀವು ಇದ್ದದ್ದು ಮಳೆಗಾಲದ ಮೊದಲ ಎರಡು ತಿಂಗಳು, ಅದು ಪಾಟನ್ ಚೆಂದ ಕಾಣುವ ಕಾಲ. ಒಂದು ಜನವರಿ ಇದ್ದು ನೋಡಿ ತೀರ್ಮಾನ ಮಾಡಿ.

ನಿಮ್ಮ ಕೊನೇ ಪ್ರಶ್ನೆಗೆ ನೇರ ಉತ್ತರ ಕೊಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಗುಠಿಗೆ ನೀವು ಸೇರಲು ಆಗುವುದಿಲ್ಲ. ಅದು ಮನೆತನದಿಂದ ಬರುವುದು. ಅಲ್ಲಿಯೇ ಹುಟ್ಟಿದ ಬೇರೆ ಜಾತಿಯವರಿಗೂ ಆಗುವುದಿಲ್ಲ. ವಾರ್ಡ್ ಚುನಾವಣೆಯಲ್ಲಿ ಓಟೂ ಇಲ್ಲ. ಪೌರತ್ವ ಬೇಕು ಅಂದರೆ 15 ವರ್ಷ ಅಲ್ಲಿ ವಾಸ ಇರಬೇಕು, ನಮ್ಮದನ್ನು ಬಿಡಬೇಕು. ಇಲ್ಲಿನ ಓಟು ಮಾತ್ರ ಕಳೆದುಕೊಳ್ಳಬೇಡಿ. ವಿದೇಶದಲ್ಲಿರುವ ಭಾರತೀಯರು ಫಾರಂ 6ಎ ಕೊಟ್ಟು ಪಟ್ಟಿಯಲ್ಲಿ ಇರಬಹುದು. ಓಟು ಹಾಕಲು ಇಲ್ಲಿಗೇ ಬರಬೇಕು ಅಷ್ಟೇ.

ಆದರೂ ನನಗೆ ಅಲ್ಲಿ ಬೇರೆಯವನು ಅನ್ನಿಸಲಿಲ್ಲ. ಡಿಸೆಂಬರ್ ಹುಣ್ಣಿಮೆಗೆ ಯೊಮರಿ ಮಾಡುತ್ತಾರೆ. ಅಕ್ಕಿ ಹಿಟ್ಟಿನ ಹೊದಿಕೆ, ಒಳಗೆ ಚಾಕು ಅನ್ನುವ ಬೆಲ್ಲದ ಪಾಕ, ಎಳ್ಳು. ಮೀನಿನ ಆಕಾರ. ಪಕ್ಕದ ಮನೆಯ ಅಜ್ಜಿ ಕೊಟ್ಟಾಗ ನಾನು "ನಮ್ಮ ಕಡುಬು!" ಅಂತ ಕನ್ನಡದಲ್ಲೇ ಕೂಗಿದ್ದೆ. ಆಮೇಲೆ ಪ್ರತಿ ವರ್ಷ ಅವರ ಮೊಮ್ಮಗ "ಕಡುಬು ದಾಯಿ", ಅಂದರೆ ಕಡುಬು ಅಣ್ಣ, ಅಂತ ಬಾಗಿಲು ಬಡಿಯುತ್ತಿದ್ದ. ಅಮ್ಮನಿಗೆ ಹೇಳಿ, ರಾಗಿಗೆ ಅಲ್ಲಿ ಕೋದೋ ಅನ್ನುತ್ತಾರೆ. ಅದರಲ್ಲಿ ಮಾಡುವ ಢಿಡೋ ನಮ್ಮ ಮುದ್ದೆಯೇ, ಸ್ವಲ್ಪ ಮೆತ್ತಗೆ.

ಕುಂದಾಪ್ರದ ಮಾಣಿ ಬರೆದದ್ದು:

ಅಕ್ಕ, ನೀವು ಪಶುಪತಿನಾಥನ ದರ್ಶನ ಮಾಡಿದ್ದೀರಿ. ಅಲ್ಲಿ ಲಿಂಗ ಮುಟ್ಟಿ ಪೂಜೆ ಮಾಡುವ ಭಟ್ಟರು ನಮ್ಮ ಕರ್ನಾಟಕದವರು ಅಂತ ಗೊತ್ತಲ್ವಾ? ತಲೆಮಾರುಗಳಿಂದ ದಕ್ಷಿಣದವರನ್ನೇ ಕರೆಸಿಕೊಳ್ಳುವ ಪದ್ಧತಿ. ಅಲ್ಲಿ ಹೋಗಿ ನಿಂತಾಗ ಒಬ್ಬರು ಕನ್ನಡದಲ್ಲಿ "ಎಲ್ಲಿಂದ ಬಂದ್ರಿ" ಅಂತ ಕೇಳಿದ್ದು ನನಗೆ ಇವತ್ತಿಗೂ ಮೈ ಜುಮ್ ಅನ್ನಿಸುತ್ತೆ.

ಆದರೆ ನಿಮ್ಮ ಪ್ರಶ್ನೆಗೆ ಅದೇ ಕಥೆಯ ಇನ್ನೊಂದು ಮುಖವೂ ಇದೆ. ರಾಜಪ್ರಭುತ್ವ ಹೋದ ಮೇಲೆ ಹೊಸ ಸರ್ಕಾರ ಈ ಭಟ್ಟರ ಜಾಗಕ್ಕೆ ನೇಪಾಳಿ ಅರ್ಚಕರನ್ನು ನೇಮಿಸಿತು. ದೊಡ್ಡ ಗಲಾಟೆ ಆಯಿತು, ವಿಷಯ ಕೋರ್ಟಿಗೆ ಹೋಯಿತು, ಸರ್ಕಾರ 2009ರ ಜನವರಿಯಲ್ಲಿ ಹಿಂದೆ ಸರಿಯಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಹೊಸದಾಗಿ ಹೋದ ಇಬ್ಬರು ಭಟ್ಟರ ಮೇಲೆ ಹಲ್ಲೆ ಆಯಿತು. ಇಷ್ಟು ತಲೆಮಾರು ಪೂಜೆ ಮಾಡಿದವರನ್ನೇ ಹೊರಗಿನವರು ಅಂದರು. 2015ರಲ್ಲಿ ಭಾರತ-ನೇಪಾಳ ಗಡಿ ಬಂದ್ ಆಗಿ ಗ್ಯಾಸ್, ಪೆಟ್ರೋಲ್ ಇಲ್ಲದೆ ಜನ ಒದ್ದಾಡಿದರು. ಆ ಸಿಟ್ಟು ಭಾರತದ ಮೇಲೆ ಇನ್ನೂ ಪೂರ್ತಿ ಹೋಗಿಲ್ಲ. ನಿಮ್ಮ ಮುಖ ನೋಡಿ ಯಾರಾದರೂ ಗಡುಸಾಗಿ ಮಾತಾಡಿದರೆ ಅದಕ್ಕೆ ಕಾರಣ ನೀವಲ್ಲ ಅಂತ ನೆನಪಿಟ್ಟುಕೊಳ್ಳಿ.

ಹಾಗಂತ ಹೋಗಬೇಡಿ ಅನ್ನುವುದಿಲ್ಲ. ನಾವು ಅಲ್ಲಿಗೆ ಹೋಗುತ್ತಿರುವುದು ಇವತ್ತು ನಿನ್ನೆಯಿಂದಲ್ಲ. ನೇಪಾಳದ ಬಾರಾ ಜಿಲ್ಲೆಯಲ್ಲಿ ಸಿಮ್ರೌನ್‌ಗಢ ಅಂತ ಹಳೇ ಕೋಟೆ ಇದೆ. 1097ರಲ್ಲಿ ಅಲ್ಲಿ ರಾಜ್ಯ ಕಟ್ಟಿದ ನಾನ್ಯದೇವನ ವಂಶಕ್ಕೆ ಕರ್ನಾಟ ವಂಶ ಅಂತಲೇ ಹೆಸರು. ಕಣಿವೆಯ ಮಲ್ಲ ರಾಜರೂ ಮುಂದೆ ತಾವು ಆ ವಂಶದವರು ಅಂತ ಹೇಳಿಕೊಂಡರು. ಸಾಧ್ಯವಾದರೆ ಒಮ್ಮೆ ಹೋಗಿ ನೋಡಿ.

ವಾರ್ಡ್ ಸಭೆಗೆ ಬನ್ನಿ ಬರೆದದ್ದು:

ಅಕ್ಕ, ನನಗೆ 26, ಕತ್ರಿಗುಪ್ಪೆ. ನಿಮ್ಮ ಹನ್ನೊಂದು ಅರ್ಜಿ ಓದಿ ಕೋಪ ಬಂತು, ನಿಮ್ಮ ಮೇಲಲ್ಲ. ನಿಮ್ಮಂಥವರು ಹೋಗಿಬಿಟ್ಟರೆ ಇಲ್ಲಿ ಅರ್ಜಿ ಕೊಡುವವರು ಯಾರು? ನಾವು ಕೆಲವರು ವಾರ್ಡ್ ಸಮಿತಿ ಸಭೆಗಳಿಗೆ ಹೋಗುತ್ತಿದ್ದೆವು. ಕೆಲವು ಸಲ ಹತ್ತು ಜನ, ಕೆಲವು ಸಲ ಮೂರೇ ಜನ. ಲೆಕ್ಕ ಓದಲು ಬರುವ ಒಬ್ಬರೂ ನಮ್ಮಲ್ಲಿ ಇರಲಿಲ್ಲ. ಟೆಂಡರ್ ಕಾಗದ ಕೈಗೆ ಕೊಟ್ಟರೆ ನಾವು ಪಿಳಿಪಿಳಿ ನೋಡುತ್ತಿದ್ದೆವು.

ಇನ್ನೊಂದು ಮಾತು. ನಮ್ಮ ಅಪಾರ್ಟ್‌ಮೆಂಟಿನ ಕಾವಲಿಗೆ ಇರುವ ಅಣ್ಣ ನೇಪಾಳದ ಅಛಾಮ್ ಜಿಲ್ಲೆಯವರು. ಆ ಸೆಪ್ಟೆಂಬರ್ 8ರ ರಾತ್ರಿ ಗೇಟಿನ ಹತ್ತಿರ ನಿಂತು ಫೋನ್ ನೋಡುತ್ತಲೇ ಇದ್ದರು, ಅವರ ತಮ್ಮ ಕಠ್ಮಂಡುವಿನಲ್ಲಿ ಓದುತ್ತಿದ್ದಾನೆ. ನಾನು ಚಹಾ ಕೊಟ್ಟೆ, ಕುಡಿಯಲಿಲ್ಲ, ಆರಿ ಕೆನೆ ಕಟ್ಟಿತು. ಬೆಳಿಗ್ಗೆ ನಾಲ್ಕಕ್ಕೆ ತಮ್ಮ ಸಿಕ್ಕಿದ. ನಿಮ್ಮ ಪ್ರಶ್ನೆಯನ್ನು ಅವರಿಗೆ ಓದಿ ಹೇಳಿದೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ನಮ್ಮೂರ ವಾರ್ಡಿನಲ್ಲಿ ಓಟು ಇದೆ, ಕೆಲಸ ಇಲ್ಲ. ಇಲ್ಲಿ ಕೆಲಸ ಇದೆ, ಓಟು ಇಲ್ಲ. ಅವರು ನಮ್ಮ ದೇಶ ಇಷ್ಟ ಪಟ್ಟು ಹೋಗ್ತಾರೆ ಅಂದ್ರೆ ಖುಷಿ. ಆದ್ರೆ ಪಾಟನ್ ಒಂದೇ ನೇಪಾಳ ಅಲ್ಲ ಅಂತ ಹೇಳಿ."

2022ರಲ್ಲಿ ಪಕ್ಷೇತರನಾಗಿ ನಿಂತು ಕಠ್ಮಂಡು ಮೇಯರ್ ಆದ ಬಾಲೇನ್ ಶಾ ಎಂ.ಟೆಕ್ ಓದಿದ್ದು ನಮ್ಮ ಬೆಂಗಳೂರಿನಲ್ಲಿ. ಆ ಗಟ್ಟಿತನ ನಮಗೂ ಬರುತ್ತೆ ಅಕ್ಕ. ನೀವು ಇದ್ದರೆ ಬೇಗ ಬರುತ್ತೆ.

ಕಬ್ಬನ್‌ಪೇಟೆ ಮಗ್ಗ ಬರೆದದ್ದು:

ಎಲ್ಲವನ್ನೂ ಅಮ್ಮನಿಗೆ ಓದಿ ಹೇಳಿದೆ. ಎರಡು ದಿನ ತೆಗೆದುಕೊಂಡು ಉತ್ತರ ಬರೆಯುತ್ತಿದ್ದೇನೆ.

ಗುಠಿಗೆ ಸೇರಲು ಆಗುವುದಿಲ್ಲ ಅಂತ ಓದಿದಾಗ ಮೊದಲು ಎದೆಗೆ ಗುದ್ದಿದ ಹಾಗಾಯಿತು. ಆಮೇಲೆ ಕರಗ ನೆನಪಾಯಿತು. ಕರಗ ಹೊರುವವರು ತಿಗಳರು, ಕತ್ತಿ ಹಿಡಿದು ಜೊತೆಗೆ ಬರುವ ವೀರಕುಮಾರರು ಅವರ ಮನೆಯ ಗಂಡಸರು. ನಾವು ನೇಕಾರರು, ನಮಗೆ ಅದರಲ್ಲಿ ಯಾವ ಜಾಗವೂ ಇಲ್ಲ. ಆದರೂ ಚೈತ್ರ ಹುಣ್ಣಿಮೆ ರಾತ್ರಿ ಅಮ್ಮ ಹೊಸಿಲು ತೊಳೆದು, ರಂಗೋಲಿ ಹಾಕಿ, ಮಲ್ಲಿಗೆ ಬುಟ್ಟಿ ಹಿಡಿದು ನಿದ್ದೆ ಬಿಟ್ಟು ಕಾಯುತ್ತಾಳೆ. ಕರಗ ಮಸ್ತಾನ್ ಸಾಬರ ದರ್ಗಾಕ್ಕೂ ಹೋಗಿ ಬರುತ್ತೆ, ಅವರೂ ಕಾಯುತ್ತಾರೆ. ಬಾಗಿಲಲ್ಲಿ ಕಾಯುವವರು ಇಲ್ಲದಿದ್ದರೆ ಕರಗ ಯಾರ ಬೀದಿಗೆ ಬರಬೇಕು? ನನ್ನ 46 ವರ್ಷದಲ್ಲಿ ಒಮ್ಮೆಯೂ ಇದು ನನ್ನ ಹಬ್ಬ ಅಲ್ಲ ಅನ್ನಿಸಿಲ್ಲ. ಪಾಟನ್‌ನಲ್ಲೂ ಬಕೆಟ್ ದಾಟಿಸುವ ಸಾಲಿನಲ್ಲಿ ನಿಲ್ಲಲು ಯಾರೂ ನನ್ನ ಮನೆತನ ಕೇಳಲಿಲ್ಲ. ನನಗೆ ಅಷ್ಟು ಸಾಕು.

ಓಟಿನ ಮಾತು ಬೇರೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ಅಛಾಮ್‌ನ ಅಣ್ಣ ಹೇಳಿದ ಮಾತು ತಲೆಯಿಂದ ಹೋಗುತ್ತಿಲ್ಲ. ಹಾಗಾಗಿ ಮನೆ ಮಾರುವುದಿಲ್ಲ. ಆರು ತಿಂಗಳು ಮಾತ್ರ ಹೋಗುತ್ತೇವೆ, 180 ದಿನಕ್ಕೆ ವಾಪಸ್. ಕತ್ರಿಗುಪ್ಪೆಯ ತಂಗಿ, ಟೆಂಡರ್ ಕಾಗದ ನನಗೆ ಕಳಿಸು. ಅಲ್ಲಿ ಕೂತೇ ಓದಿ ಹೇಳುತ್ತೇನೆ, ಎಲ್ಲಿ ಲೆಕ್ಕ ತಪ್ಪಿದೆ ಅಂತ ಗೆರೆ ಎಳೆದು ಕೊಡುತ್ತೇನೆ. ಹನ್ನೆರಡನೇ ಅರ್ಜಿಯನ್ನೂ ಕೊಟ್ಟೇ ಹೊರಡುತ್ತೇನೆ.

ದೀದಿಗೆ ಫೋನ್ ಮಾಡಿದ್ದೆ. ಅವರ ನಾದಿನಿಯ ಹೊಸ ಮನೆಯಲ್ಲಿ ಮೊದಲ ಮಹಡಿ ಖಾಲಿ ಇದೆಯಂತೆ, ಮೆಟ್ಟಿಲು ಅಗಲ ಇದೆಯಂತೆ, ಪಕ್ಕದಲ್ಲಿ ಹಿಡಿಕೆಯೂ ಇದೆಯಂತೆ. ಕರಗ ಮುಗಿಸಿಕೊಂಡು ಹೊರಡುತ್ತೇವೆ, ಸಿಥಿ ನಖಕ್ಕೆ ಮುಂಚೆ ಅಲ್ಲಿರಬೇಕು. ಚಳಿ ಜೋರಾಗುವುದರೊಳಗೆ ಅಮ್ಮ ವಾಪಸ್, ಜನವರಿ ಹೇಗಿರುತ್ತೆ ಅಂತ ನಾನೊಬ್ಬಳೇ ಇನ್ನೊಂದು ವರ್ಷ ಹೋಗಿ ನೋಡುತ್ತೇನೆ.

ತೀರ್ಥಹಳ್ಳಿಯವರೇ, ಅಮ್ಮ ನಿಮ್ಮನ್ನು ಒಂದೇ ಒಂದು ಕೇಳಿದ್ದಾಳೆ. ಆ ಕೋದೋ ಹಿಟ್ಟು ನಮ್ಮ ರಾಗಿ ಹಿಟ್ಟಿನ ಹಾಗೆ ನುಣ್ಣಗೆ ಸಿಗುತ್ತಾ, ಅಥವಾ ಇಲ್ಲಿಂದಲೇ ಐದು ಕೆಜಿ ಬೀಸಿಸಿಕೊಂಡು ಹೋಗೋದಾ?